ವಸಡಿನಲ್ಲಿ ರಕ್ತ ಬಂದರೆ ಸುಮ್ನೆ ಬಿಡಬೇಡಿ

ಹಲ್ಲುಜ್ಜುವಾಗ ರಕ್ತ ಬರುತ್ತದೆ ಅಂತ ಆ ಜಾಗ ಬಿಟ್ಟು ಉಜ್ಜುವವರು ತುಂಬಾ ಜನ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಲ್ಲಿ ಬ್ಯಾಕ್ಟೀರಿಯಾ ಕೂತಿರುವುದರಿಂದಲೇ ಹೆಚ್ಚಾಗಿ ರಕ್ತ ಬರುವುದು. ಮೆತ್ತನೆಯ ಬ್ರಷ್‌ನಿಂದ ವಸಡಿನ ಅಂಚನ್ನೂ ನಿಧಾನವಾಗಿ ಉಜ್ಜಿ.

ಬಾಯಿಯದ್ದು ಬಾಯಲ್ಲೇ ಉಳಿಯುವುದಿಲ್ಲ, ಅಲ್ವಾ? ದಿನವಿಡೀ ಎಂಜಲು ನುಂಗುತ್ತೇವೆ. ಹೊಟ್ಟೆಯ ಆಮ್ಲ ಬಹುಪಾಲು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಆದರೂ ಕೆಲವು ಕರುಳು ತಲುಪುತ್ತವೆ. ಬಾಯಲ್ಲಿರುವ ಫ್ಯೂಸೋಬ್ಯಾಕ್ಟೀರಿಯಂ ಅನ್ನೋ ಒಂದು ಬಗೆಯ ಬ್ಯಾಕ್ಟೀರಿಯಾ ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಗಳಲ್ಲೂ ಜಾಸ್ತಿ ಇರುವುದು 2012ರಲ್ಲಿ ಗೊತ್ತಾಯಿತು. ಕ್ಯಾನ್ಸರಿಗೆ ಅದೊಂದೇ ಕಾರಣ ಅಂತಲ್ಲ, ಹೆದರಬೇಡಿ.

ಸಕ್ಕರೆ ಕಾಯಿಲೆ ಇರುವವರು ಮಾತ್ರ ಇನ್ನೂ ಜಾಗ್ರತೆಯಾಗಿರಬೇಕು. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡಿನ ಉರಿಯೂತದಿಂದ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ. ವಸಡಿಗೆ ಚಿಕಿತ್ಸೆ ಮಾಡಿಸಿದಾಗ 3 ತಿಂಗಳ ಸರಾಸರಿ ಸಕ್ಕರೆಯೂ ಸ್ವಲ್ಪ ಇಳಿಯುವುದು ಕಂಡುಬಂದಿದೆ. ದಂತ ವೈದ್ಯರಿಗೆ ನಿಮ್ಮ ಸಕ್ಕರೆ ರಿಪೋರ್ಟ್ ತೋರಿಸಿ.

ರಾತ್ರಿ ಮಲಗುವ ಮುಂಚೆ 2 ನಿಮಿಷ ಉಜ್ಜಿ. ಹಲ್ಲಿನ ಸಂದಿಗೆ ಫ್ಲಾಸ್ ದಾರ ಬಳಸಿ, ಪಿನ್ನು, ಕಡ್ಡಿ ಬೇಡ. ಒಂದೆರಡು ವಾರ ಕಳೆದರೂ ರಕ್ತ ನಿಲ್ಲದಿದ್ದರೆ ವೈದ್ಯರ ಹತ್ತಿರ ಹೋಗಿ ಕ್ಲೀನಿಂಗ್ ಮಾಡಿಸಿ.