ಔಷಧಿ ಕುಡಿದು ಬಂದ ಮಕ್ಕಳು: ಮೊದಲ ಗಂಟೆ ನೋಡಿ ಏನೂ ಹೇಳಬೇಡಿ

ಹಾಸನ ಜಿಲ್ಲೆಯ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಾನು ಡಾಕ್ಟರ್. ಆಲೂಗಡ್ಡೆ, ಶುಂಠಿ, ಕಾಫಿ ಬೆಳೆಯುವ ಸೀಮೆ ಇದು. ಬೆಳೆಗೆ ಹೊಡೆಯುವ ಔಷಧಿ, ಅಂದರೆ ಕೀಟನಾಶಕ, ಇಲ್ಲದ ಮನೆ ಕಮ್ಮಿ.

"ಸ್ವಲ್ಪವೇ ಕುಡಿದಿರೋದು ಡಾಕ್ಟ್ರೇ, ಉಪ್ಪುನೀರು ಕೊಟ್ಟು ವಾಂತಿ ಮಾಡಿಸಿದ್ದೀವಿ" ಎನ್ನುತ್ತಾ, ಸಾಯಲೆಂದು ಅದನ್ನು ಕುಡಿದ ಮಗುವನ್ನು ಮನೆಯವರು ಕರೆತರುತ್ತಾರೆ. ಆ 'ಸ್ವಲ್ಪ'ವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೆದರಿದ ಮಕ್ಕಳು ಕಮ್ಮಿ ಹೇಳುತ್ತಾರೆ. ಇನ್ನು ವಾಂತಿ ಮಾಡಿಸುವುದು ದಯವಿಟ್ಟು ಬೇಡ. ಮಂಪರಿನಲ್ಲಿರುವ ಮಗುವಿಗೆ ವಾಂತಿ ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ. ಎಡಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ, ಬಾಟಲಿ ಜೊತೆಗೇ ತನ್ನಿ.

ಮೊದಲು ಉಸಿರಾಟ. ಅದರ ಜೊತೆಯಲ್ಲೇ ಗ್ಲೌಸ್ ಹಾಕಿಕೊಂಡು ಬಟ್ಟೆ ಬಿಚ್ಚಿ, ಮೈ, ಕೂದಲು ಸೋಪು ಹಾಕಿ ತೊಳೆಯುತ್ತೇವೆ. ಆರ್ಗನೋಫಾಸ್ಫರಸ್ ಜಾತಿಯ ಕೀಟನಾಶಕ ಅಂತ ಅನುಮಾನ ಬಂದರೆ ವಿಷ ಎಷ್ಟು ತೀವ್ರ ಅಂತ ಅಳೆಯುವ ಶ್ರೀಲಂಕಾದ ಪೆರಾದೆನಿಯಾ ಸ್ಕೋರ್ ಹಾಕುತ್ತೇನೆ. ಕಣ್ಣಿನ ಪಾಪೆ, ಉಸಿರಾಟದ ವೇಗ, ಹೃದಯ ಬಡಿತ, ಸ್ನಾಯುಗಳ ಅದುರು, ಎಚ್ಚರ. ಪ್ರತಿಯೊಂದಕ್ಕೂ 0ಯಿಂದ 2. ಫಿಟ್ಸ್ ಬಂದಿದ್ದರೆ ಇನ್ನೊಂದು. 3ರವರೆಗೆ ಸೌಮ್ಯ, 4ರಿಂದ 7 ಮಧ್ಯಮ, 8ರಿಂದ ಮೇಲೆ ತೀವ್ರ. ರೆಫರ್ ಮಾಡುವಾಗ ಫೋನಿನಲ್ಲಿ "ಸೀರಿಯಸ್ ಇದೆ" ಅನ್ನುವುದಕ್ಕಿಂತ ಈ ನಂಬರ್ ಹೇಳಿದರೆ ಆ ಕಡೆಯವರಿಗೆ ಬೇಗ ಅರ್ಥವಾಗುತ್ತದೆ.

ಆದರೆ ಒಂದು ಸಲದ ಸ್ಕೋರ್ ಸಾಲದು. ವಿಷ ಇನ್ನೂ ಮೈಗೆ ಹತ್ತುತ್ತಿರಬಹುದು. ಹೃದಯ ಜೋರಾಗಿ ಬಡಿಯುತ್ತಿದೆ ಅಂದರೆ ಅದು ಭಯವೂ ಇರಬಹುದು, ವಿಷದ್ದೇ ಪರಿಣಾಮವೂ ಇರಬಹುದು. ಅದಕ್ಕೇ ಮತ್ತೆ ಮತ್ತೆ ನೋಡುತ್ತೇನೆ.

ಈ ವಿಷಕ್ಕೆ ಪ್ರತಿಯಾಗಿ ಕೊಡುವ ಮದ್ದು ಅಟ್ರೋಪಿನ್. ಅದನ್ನು ಕೊಡುವಾಗ ಪಾಪೆ ಅಗಲವಾಗಲಿ ಅಂತ ಕಾಯುವುದಿಲ್ಲ. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಗೊರಗೊರ ಶಬ್ದ ಹೋಯಿತಾ ಅಂತ ಕೇಳುತ್ತೇನೆ. ಕಂಕುಳಿಗೆ ಕೈ ಹಾಕಿ ಬೆವರು ಒಣಗಿದೆಯಾ ಅಂತ ಮುಟ್ಟಿ ನೋಡುತ್ತೇನೆ. ನಾಡಿ 80ರ ಮೇಲಿರಬೇಕು, ಬಿಪಿ ಬೀಳದೆ ನಿಂತಿರಬೇಕು. ಅಲ್ಲಿಯವರೆಗೆ ಐದೈದು ನಿಮಿಷಕ್ಕೆ ಡೋಸ್ ದುಪ್ಪಟ್ಟು. ಮಗು ಬಡಬಡಿಸತೊಡಗಿದರೆ, ಮೈ ಕಾದರೆ, ಹೊಟ್ಟೆಯ ಸದ್ದು ನಿಂತರೆ ಜಾಸ್ತಿಯಾಯಿತು ಅಂತ ಅರ್ಥ.

ನನಗೆ ನಿಜವಾದ ಆತಂಕ ಎರಡನೇ, ಮೂರನೇ ದಿನ. ಮಗು ಎದ್ದು ಕೂತಿರುತ್ತದೆ, ಇಡ್ಲಿ ಕೇಳುತ್ತದೆ. "ಚೆನ್ನಾಗಿದ್ದಾಳಲ್ವಾ, ಡಿಸ್ಚಾರ್ಜ್ ಮಾಡಿ" ಅಂತ ಅಪ್ಪ ದುಂಬಾಲು ಬೀಳುತ್ತಾರೆ. ಆಗ ನಾನು ಮಗುವನ್ನು ಅಂಗಾತ ಮಲಗಿಸಿ, "ದಿಂಬಿನಿಂದ ತಲೆ ಎತ್ತು ಪುಟ್ಟಿ, ಹಾಗೇ ಹಿಡಿದಿರು" ಅನ್ನುತ್ತೇನೆ. ಗಲ್ಲ ಎದೆಯ ಕಡೆಗೆ ಬಾರದೆ ತಲೆ ಹಾಗೇ ದಿಂಬಿಗೆ ಬಿದ್ದರೆ, ಮುಂದೆ ಸೋಲುವುದು ಉಸಿರಾಟದ ಸ್ನಾಯುಗಳೇ. 24ರಿಂದ 96 ಗಂಟೆಯೊಳಗೆ ಬರುವ ಈ ನಿಶ್ಶಕ್ತಿಗೆ ವೆಂಟಿಲೇಟರ್ ಬೇಕಾಗಬಹುದು. ಸಮಯಕ್ಕೆ ಸಿಕ್ಕಿದರೆ ಹೆಚ್ಚಿನ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಹಾಗಾಗಿ ಈ ದಿನಗಳಲ್ಲಿ ಯಾರು ಎಷ್ಟೇ ಒತ್ತಾಯ ಮಾಡಿದರೂ ಮನೆಗೆ ಕಳಿಸುವುದಿಲ್ಲ.

ಎಷ್ಟೋ ಮನೆಯವರು "ತಪ್ಪಿ ಕುಡಿದದ್ದು" ಅಂತ ಬರೆಸಲು ನೋಡುತ್ತಾರೆ. ಪೊಲೀಸ್ ಕೇಸಿನ ಭಯ. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸುವ ಆಸ್ಪತ್ರೆಯ ದಾಖಲೆ, ನಾವು ಬರೆಯಲೇಬೇಕು, ನಿಜ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ, ಸಾಯಲು ಯತ್ನಿಸಿದವರು, ಬೇರೆ ಸಾಬೀತಾಗದ ಹೊರತು, ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷೆ ಕೊಡುವ ಹಾಗಿಲ್ಲ. ಇದನ್ನು ಕೂರಿಸಿಕೊಂಡು ಹೇಳಿದರೆ ನಿಜ ಹೊರಗೆ ಬರುತ್ತದೆ.

ಮಗು ಸುಧಾರಿಸಿದ ಮೇಲೆ ಅಪ್ಪ ಅಮ್ಮನನ್ನು ಹೊರಗೆ ಕಳಿಸಿ, ಒಬ್ಬಳೇ ಇದ್ದಾಗ ನೇರವಾಗಿ ಕೇಳುತ್ತೇನೆ: ಈಗಲೂ ಸಾಯಬೇಕು ಅನ್ನಿಸುತ್ತಾ? ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವ ಹೆದರಿಕೆ ಬೇಡ. ಕೇಳಿದಾಗ ಮಕ್ಕಳು ಹಗುರಾಗುತ್ತಾರೆ. "ಯಾಕ್ ಮಾಡ್ಕೊಂಡೆ" ಅಂತ ವಾರ್ಡಿನಲ್ಲಿ ಬಂದುಹೋಗುವವರೆಲ್ಲ ಬೈಯುವುದನ್ನು ಮಾತ್ರ ನಾನು ಸಹಿಸುವುದಿಲ್ಲ.

ಡಿಸ್ಚಾರ್ಜ್ ಚೀಟಿಯಲ್ಲಿ ಮನೋವೈದ್ಯರನ್ನು ಕಾಣುವ ದಿನ ಬರೆಯುತ್ತೇನೆ. ಔಷಧಿಯೆಲ್ಲ ಮನೆಯಿಂದಾಚೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೀಲಿ ದೊಡ್ಡವರ ಹತ್ತಿರವೇ ಇರಲಿ ಅನ್ನುತ್ತೇನೆ. ಕೊನೆಗೆ ಮಗುವಿನ ಕೈಗೇ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ ಕೊಡುತ್ತೇನೆ: 14416. ದುಡ್ಡಿಲ್ಲ, ರಾತ್ರಿ ಹಗಲು ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.