ಸೂಜಿ ನೇತಾಡೋ ಬ್ರೂಚ್: ನನ್ನ ಅನುಭವ

ಬ್ರೂಚ್ (ಬಟ್ಟೆಗೆ ಸಿಗಿಸೋ ಅಲಂಕಾರದ ಪಿನ್) ಕಸೂತಿ ಹಾಕಿ ತೊಟ್ರೆ ಗುರುತಿಲ್ಲದೋರೂ ಮಾತಾಡಿಸ್ತಾರೆ ಅಂತ ನಾನು ಹೊಲಿಯೋಕೆ ಕೂತಾಗ, "ಎದೆ ಮೇಲಿನ ಬ್ರೂಚ್ ನೋಡ್ಕೊಂಡು ಯಾರು ಬಂದು ಮಾತಾಡಿಸ್ತಾರೆ, ಸುಮ್ನೆ ಕಣ್ಣು ಹಾಳು ಮಾಡ್ಕೋಬೇಡ" ಅಂತ ನಮ್ಮಕ್ಕ ಅಂದಿದ್ಳು. ಎರಡು ವರ್ಷ ಅವಳು ಹೇಳಿದ್ದೇ ನಿಜ ಆಗಿತ್ತು, ಒಪ್ಕೋತೀನಿ. ಹಕ್ಕಿ, ಹೂವು, ನೀಟಾಗಿ ಎರಡೆಳೆ ದಾರದಲ್ಲಿ ಸ್ಯಾಟಿನ್ ಸ್ಟಿಚ್ (ಒತ್ತೊತ್ತಾಗಿ ತುಂಬೋ ಹೊಲಿಗೆ), ಒಂದೊಂದಕ್ಕೂ ಆರೇಳು ಗಂಟೆ ಕೂರ್ತಿದ್ದೆ, ನೋಡ್ದೋರು "ಚೆನ್ನಾಗಿದೆ" ಅನ್ನೋರು, ನಾನು "ಥ್ಯಾಂಕ್ಸ್" ಅನ್ನೋಳು, ಮುಗೀತು.

ಹೊಳಪು ಸಾಲ್ದೇನೋ ಅಂತ ಎಪಾಕ್ಸಿ ರೆಸಿನ್ (ಸುರಿದ ಮೇಲೆ ಗಾಜಿನ ಥರ ಗಟ್ಟಿಯಾಗೋ ದ್ರವ) ಹಿಂದೆ ಬಿದ್ದೆ. ದಾರ ಅದನ್ನ ಹೀರ್ಕೊಂಡು ತಿಳಿ ಹಳದಿ ಹಕ್ಕಿ ಕೆಸರಲ್ಲಿ ಹೊರಳಾಡಿ ಬಂದಂಗಾಯ್ತು. ಇನ್ನೊಂದ್ಸಲ ಅದನ್ನ ಗಟ್ಟಿ ಮಾಡೋ ಹಾರ್ಡನರ್ ಕಣ್ಣಂದಾಜಲ್ಲಿ ಸುರಿದೆ, ಮೂರು ದಿನ ಆದ್ರೂ ಅಂಟಂಟು. ಕೂಡಿಟ್ಟಿದ್ದ ದುಡ್ಡಲ್ಲಿ ಹತ್ತಿರತ್ತಿರ ಅರ್ಧ ಅಲ್ಲೇ ಹೋಯ್ತು. ಅಗ್ಗಕ್ಕೆ ಸಿಕ್ತು ಅಂತ ತಂದ 40 ಪಿನ್ನಲ್ಲಿ 15 ಆದ್ರೂ ಬಾಗಿದ್ವು.

ಆಮೇಲೊಂದಿನ, ಅರ್ಧ ಹೊಲಿದ ಎಲೆ, ಎಲ್ಲಿ ಕೂರುತ್ತೆ ನೋಡೋಣ ಅಂತ ಕಾಲರ್ ಹತ್ರ ಸಿಗಿಸ್ಕೊಂಡಿದ್ದೆ, ಸೂಜಿ ದಾರ ಇನ್ನೂ ಅದರಲ್ಲೇ ಇತ್ತು, ಮರೆತು ಹಂಗೇ ಹೊರಟ್ಬಿಟ್ಟೆ. ಲಿಫ್ಟಲ್ಲಿ ಒಂದಿನವೂ ನನ್ನ ಮುಖ ನೋಡದ ಹೆಂಗಸು "ರೀ, ಸೂಜಿ ಚುಚ್ಚುತ್ತೆ ನೋಡ್ಕೊಳ್ಳಿ" ಅಂದ್ರು. ಇಳಿಯೋ ಹೊತ್ತಿಗೆ ಅವರಮ್ಮ ಅರ್ಧಕ್ಕೆ ಬಿಟ್ಟು ಹೋದ ಮೇಜಿನ ಬಟ್ಟೆ ಕಥೆ ಶುರುವಾಗಿತ್ತು, ಲಿಫ್ಟ್ ಬಾಗಿಲು ಎರಡು ಸಲ ಮುಚ್ಚಿ ತೆಗೀತು. ಆ ಬಟ್ಟೇಲೂ ಸೂಜಿ ಹಂಗೇ ಇದೆಯಂತೆ, ತುಕ್ಕು ಹಿಡಿದು.

ಅವತ್ತಿಂದ ಬೇಕಂತಲೇ ಅರ್ಧ ಬಿಡ್ತೀನಿ. ಸುಮಾರು 5 ಸೆಂಟಿಮೀಟರ್ ಅಂಡಾಕಾರ, ಮುಕ್ಕಾಲು ಹೊಲಿಗೆ, ಉಳಿದ ಕಡೆ ಪೆನ್ಸಿಲ್ ಗೆರೆ ಕಾಣ್ಬೇಕು. ಬೆರಳುದ್ದ ದಾರ, ತುದೀಲಿ ಮೊಂಡು ಟ್ಯಾಪೆಸ್ಟ್ರಿ ಸೂಜಿ, ಅದನ್ನೂ ಸ್ಯಾಂಡ್‌ಪೇಪರಲ್ಲಿ ಇನ್ನಷ್ಟು ಉಜ್ಜಿರ್ತೀನಿ. ಹಿಂದೆ ಬಕ್ರಂ ಅನ್ನೋ ಬಿರುಸು ಬಟ್ಟೆ, ಅದರ ಮೇಲೆ ಮೆತ್ತನೆ ಫೆಲ್ಟ್ ಬಟ್ಟೆ, ಪಿನ್ ನಡುವಿಗಿಂತ ಮೇಲೆ, ಇಲ್ಲಾಂದ್ರೆ ಮುಂದಕ್ಕೆ ತಲೆ ಬಗ್ಗಿಸುತ್ತೆ. ಸೂಜಿ ನೇತಾಡ್ಬೇಕು, ಆದ್ರೆ ಬಟ್ಟೆಗೆ ಸಿಕ್ಕಾಕೋಬಾರ್ದು, ಅದಕ್ಕೊಂದು ಉಪಾಯ ಇದೆ, ಹನ್ನೊಂದು ಪೀಸ್ ಹಾಳು ಮಾಡಿ ಕಲ್ತಿದ್ದು, ಅದನ್ನ ಮಾತ್ರ ಕೇಳ್ಬೇಡಿ.

ನಡುವೆ ಪಿನ್ ಬದಲು ಮ್ಯಾಗ್ನೆಟ್ ಹಾಕಿ ನೋಡ್ದೆ, ದಪ್ಪ ಬಟ್ಟೇಲಿ ಜಾರುತ್ತೆ, ಅದೂ ಅಲ್ದೆ ಪೇಸ್‌ಮೇಕರ್ ಇರೋರಿಗೆ ಒಳ್ಳೇದಲ್ಲ, ಬಿಟ್ಟೆ. ಬ್ಯಾಗ್ ಮೇಲೆ ದೊಡ್ಡದಾಗಿ ಒಂದು ಪ್ರಶ್ನೆ ಬರೆದು ಹೊಲಿದಿದ್ದೆ, ಜನ ಓದಿ ಮುಖ ಆ ಕಡೆ ತಿರುಗಿಸ್ಕೊಂಡ್ರು! ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಮೆಡಲಿನ್ ಆಲ್‌ಬ್ರೈಟ್ ಅವರನ್ನ ಇರಾಕ್ ಪತ್ರಿಕೆಗಳು ಹಾವು ಅಂದಾಗ ಅವರು ಹಾವಿನ ಬ್ರೂಚ್ ಹಾಕ್ಕೊಂಡೇ ಇರಾಕಿಗಳ ಜೊತೆ ಮೀಟಿಂಗಿಗೆ ಹೋಗಿದ್ರು. ಅಕ್ಕನಿಗೆ ಇದನ್ನ ಹೇಳಿದ್ರೆ, "ಅವರು ಯಾವ ಬ್ರೂಚ್ ಹಾಕ್ಕೊಂಡ್ರೂ ಜನ ಮಾತಾಡಿಸ್ತಿದ್ರು" ಅಂದ್ಳು.

ಲೆಕ್ಕ ಬೇಕಾ? ಮೊದ್ಲು ಇಪ್ಪತ್ತು ಸಲ ಹೊರಗೆ ಹೋದ್ರೆ ಒಬ್ರೋ ಇಬ್ರೋ, ಈಗ ಹದಿಮೂರು ಹದಿನಾಲ್ಕು ಸಲ ಯಾರಾದ್ರೂ ತಾವಾಗೇ ಬಂದು ಮಾತಾಡ್ತಾರೆ. ಮಾರಿದ್ದರಿಂದ ಸಾಮಾನಿನ ಖರ್ಚು ಬಂದಿದೆ, ಕೂತ ಗಂಟೆಗಳದ್ದು ಇನ್ನೂ ಲಾಸೇ.

ಹೋದ ತಿಂಗಳು ಅಕ್ಕನೇ ಒಂದು ಕೇಳಿ ಇಸ್ಕೊಂಡ್ಳು. ಎರಡೇ ದಿನಕ್ಕೆ ಫೋಟೋ ಬಂತು, ಎಲೆ ಪೂರ್ತಿ ಹೊಲಿದು ಸೂಜಿ ತೆಗ್ದಿದ್ದಾಳೆ. "ನೋಡ್ತಾ ಕೂರಕ್ಕಾಗ್ಲಿಲ್ಲ ಕಣೇ."