ಅಲ್ದೊಬ್ರಾಂದಿನಿ ಮದುವೆ: ಕಾಲು ಅಳತೆಯ ಜಲವರ್ಣ ಪ್ರತಿ

ಹಳೆಯ ರೋಮನ್ ಗೋಡೆಚಿತ್ರಗಳನ್ನು 17ನೇ ಶತಮಾನದ ಕಲಾವಿದರು ಕಾಗದಕ್ಕೆ ಇಳಿಸಿಕೊಂಡ ಹಾಗೇ, ಗೋಂದು ಮತ್ತು ಪುಡಿಬಣ್ಣದಲ್ಲಿ ಪ್ರತಿ ಮಾಡುವುದು ನನ್ನ ಕೆಲಸ. ಇಲ್ಲಿ ಹೇಳುತ್ತಿರುವುದು ‘ಅಲ್ದೊಬ್ರಾಂದಿನಿ ಮದುವೆ’ ಎಂಬ ಹಳೆಯ ರೋಮನ್ ಗೋಡೆಚಿತ್ರದ ಪ್ರತಿ. ರೋಮಿನ ಎಸ್ಕ್ವಿಲೀನ್ ಗುಡ್ಡದಲ್ಲಿ ಸಿಕ್ಕಿದ ಈ ಚಿತ್ರ ಈಗ ವ್ಯಾಟಿಕನ್‌ನಲ್ಲಿದೆ. ಎತ್ತರ ಸುಮಾರು 92 ಸೆಂ.ಮೀ., ಅಗಲ 242, ಹತ್ತು ಆಕೃತಿಗಳು. ಕಾಲು ಅಳತೆಗೆ 23 × 60.5 ಸೆಂ.ಮೀ. ಆಗುತ್ತದೆ.

ಮೂಲದ 10 ಸೆಂ.ಮೀ. ಚೌಕಕ್ಕೆ ಕಾಗದದಲ್ಲಿ 2.5 ಸೆಂ.ಮೀ. ಚೌಕ. ಕೊನೆಯಲ್ಲಿ ಉಳಿಯುವ ತುಂಡು ಚೌಕವನ್ನು ಬಲಕ್ಕೂ ಕೆಳಕ್ಕೂ ಬಿಡಿ. ಎಲ್ಲ ಚೌಕಗಳಿಗೂ ಹಂಚಿದರೆ ಆಕೃತಿಗಳ ಅನುಪಾತ ಕೆಡುತ್ತದೆ. ಕಾಗದ ಚದರ ಮೀಟರಿಗೆ 300 ಗ್ರಾಂ ತೂಗುವ ನಯವಾದ ಹತ್ತಿ ಕಾಗದ, ನೆನೆಸಿ ಹಲಗೆಗೆ ಅಂಟಿಸಿದ್ದು. ಪೆನ್ಸಿಲ್ 2ಎಚ್, ಒತ್ತದೆ ಎಳೆಯಬೇಕು. ರಬ್ಬರಿನಿಂದ ಉಜ್ಜಿದ ಜಾಗದಲ್ಲಿ ಕಾಗದ ತಯಾರಿಸುವಾಗಲೇ ಹಚ್ಚಿದ ಅಂಟಿನ ಲೇಪ ಹೋಗಿ ಬಣ್ಣ ಮಚ್ಚೆಮಚ್ಚೆಯಾಗಿ ಇಳಿಯುತ್ತದೆ. ಆ ಮಚ್ಚೆಗೆ ಮದ್ದಿಲ್ಲ.

ಗೋಂದಿಗೆ ಗಮ್ ಅರೇಬಿಕ್ (ಅಕೇಶಿಯಾ ಮರದ ಅಂಟು) 30 ಗ್ರಾಂ, ಬಿಸಿನೀರು 60 ಮಿ.ಲೀ., ಒಂದು ರಾತ್ರಿ ನೆನೆದ ಮೇಲೆ ಬಟ್ಟೆಯಲ್ಲಿ ಸೋಸಿ ಅರ್ಧ ಚಮಚ ಜೇನು ಬೆರೆಸುತ್ತೇನೆ. ಕೆಂಪು ಕಾವಿ, ಹಳದಿ ಕಾವಿ, ಹಸಿರು ಮಣ್ಣು ಇವನ್ನು ಗಾಜಿನ ಹಲಗೆ ಮೇಲೆ ಈ ದ್ರಾವಣದಲ್ಲಿ ಅರೆಯಬೇಕು. ಒಂದು ಗೆರೆ ಎಳೆದು, ಒಣಗಿದ ಮೇಲೆ ಬೆರಳಲ್ಲಿ ಒರೆಸಿ ನೋಡಿ. ಬಣ್ಣ ಕೈಗೆ ಬಂದರೆ ಗೋಂದು ಸಾಲದು. ಹೊಳೆದರೆ ಅಥವಾ ಬಿರಿದರೆ ಹೆಚ್ಚಾಗಿದೆ.

ಕಷ್ಟವಿರುವುದು ಬಿಳಿಯಲ್ಲಿ. ಮಧ್ಯದಲ್ಲಿ ಮಂಚದ ಮೇಲೆ ಕುಳಿತ ವಧುವಿನ ಮುಸುಕಿಗೆ ಕಾಗದವನ್ನೇ ಖಾಲಿ ಬಿಟ್ಟರೆ ಗೋಡೆಯಲ್ಲಿ ತೂತು ಬಿದ್ದಂತೆ ಕಾಣುತ್ತದೆ. ಅದಕ್ಕೆ ಮೊದಲು ಇಡೀ ಹಾಳೆಗೆ ಹಳದಿ ಕಾವಿ ಮತ್ತು ಚಿಟಿಕೆ ಕಪ್ಪಿನ ತೆಳು ಲೇಪ ಕೊಟ್ಟು ಗಾರೆಯ ಬಣ್ಣ ತರುತ್ತೇನೆ. ಮಡಿಕೆಗಳ ನೆರಳಿಗೆ ಹಸಿರು ಮಣ್ಣಿಗೆ ಕೆಂಪು ಕಾವಿ ಬೆರೆಸಿದ ಬೂದು. ಬೆಳಕು ಬೀಳುವ ಅಂಚಿಗೆ ಮಾತ್ರ ಕೊನೆಯಲ್ಲಿ ಗಟ್ಟಿ ಬಿಳಿ, ಸಣ್ಣ ಕುಂಚದಲ್ಲಿ. ಆ ಕಾಲದವರು ಬಳಸಿದ ಸೀಸದ ಬಿಳಿ ವಿಷ. ಗಾಳಿಯ ಗಂಧಕ ತಾಗಿದರೆ ಕಪ್ಪಾಗುವುದೂ ಉಂಟು. ನಾನು ಸತುವಿನ ಬಿಳಿ ಹಾಕುತ್ತೇನೆ.

ಅಳಿಸಿಹೋದ ಭಾಗಗಳನ್ನು ಏನು ಮಾಡಬೇಕು? 17ನೇ ಶತಮಾನದ ಇಟಲಿಯ ಕಲಾವಿದ ಪಿಯೆತ್ರೋ ಸಾಂತಿ ಬಾರ್ತೋಲಿ ಇಂಥ ಗೋಡೆಚಿತ್ರಗಳ ತನ್ನ ಪ್ರತಿಗಳಲ್ಲಿ ಕಳೆದುಹೋದದ್ದನ್ನು ಊಹಿಸಿ ತುಂಬಿದ, ಬಣ್ಣವನ್ನೂ ಏರಿಸಿದ. ಕೊಳ್ಳುತ್ತಿದ್ದ ಶ್ರೀಮಂತರಿಗೆ ಬೇಕಿದ್ದುದೂ ಅದೇ. ಆದರೆ 1674ರಲ್ಲಿ ರೋಮಿನ ಬಳಿ ಫ್ಲಮೀನಿಯಾ ರಸ್ತೆಯಲ್ಲಿ ಸಿಕ್ಕಿದ, ನಾಸೋನಿ ಎಂಬ ಹಳೆಯ ರೋಮನ್ ಮನೆತನದ ಸಮಾಧಿಯಂಥ ಕಡೆ ಗೋಡೆಚಿತ್ರಗಳು ಬಹುಪಾಲು ಹಾಳಾಗಿವೆ. ಕೆಲವು ತುಣುಕು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಉಳಿದದ್ದಕ್ಕೆ ಬಾರ್ತೋಲಿಯ ಪ್ರತಿಗಳನ್ನೇ ನೆಚ್ಚಬೇಕು, ಅದರಲ್ಲಿ ಗೋಡೆ ಎಷ್ಟು, ಅವನ ಊಹೆ ಎಷ್ಟು ಎಂದು ಬೇರ್ಪಡಿಸುವುದು ತಲೆನೋವು. ಹಾಗಾಗಿ ನನ್ನ ಹಾಳೆಯಲ್ಲಿ ಬಿರುಕು ಬಿರುಕಾಗಿಯೇ ಇರುತ್ತದೆ. ಗಾರೆ ಉದುರಿದ ಜಾಗಕ್ಕೆ ತಳದ ಲೇಪ ಸಾಕು, ಅದರ ಮೇಲೆ ಕುಂಚ ಆಡಿಸುವುದಿಲ್ಲ.